ಹದಿನೈದನೇ ಪುಟ

ಬ್ರಾಟಿ ಫೆರಿಯ ಲೈಬ್ರರಿಯ ನೆಲಮಾಳಿಗೆಯಲ್ಲಿ
ನನ್ನ ಮೇಜು. ಮೈದಾ ಅಂಟು, ಮಡಿಕೆ ತೀಡುವ ಮೂಳೆ,
ಮೇಣ ಸವರಿದ ನೂಲು, ಒಂದು ರಬ್ಬರು.
ಬೆನ್ನು ಮುರಿದುಕೊಂಡ ಪುಸ್ತಕಗಳು ನನ್ನ ಬಳಿ ಬರುತ್ತವೆ,
ಮಕ್ಕಳವೇ ಹೆಚ್ಚು. ಜಾಮು, ಜೊಲ್ಲು, ಮೂಲೆಯಲ್ಲಿ ಹಲ್ಲಿನ ಗುರುತು.

ಇದೊಂದು ಮಾತ್ರ ತಿಂಗಳಿಗೊಮ್ಮೆ, ತಪ್ಪದೆ.
ಹಿಮದ ನಾಡಿನ ನಾಯಿಗಳ ಚಿತ್ರಪುಸ್ತಕ.
ಮರಿ ಹುಟ್ಟುವುದು, ತೀರಿಹೋದ ಚಿಕ್ಕಪ್ಪನ ಹೆಸರನ್ನು ಅದಕ್ಕಿಡುವುದು,
ಪಾದ ಸೀಳದಿರಲೆಂದು ಸೀಲ್ ಚರ್ಮದ ಪುಟ್ಟ ಚೀಲ ಹೊಲಿಯುವುದು,
ಅಲ್ಲಿಯವರೆಗೆ ಹಾಳೆಗಳು ಗಟ್ಟಿ.
ಹದಿನೈದು ಮಾತ್ರ ಸವೆದು ಈರುಳ್ಳಿ ಸಿಪ್ಪೆ.
ಆಮೇಲಿನವುಗಳಲ್ಲಿ ಬೆರಳಿನ ಗುರುತೇ ಇಲ್ಲ.

ಅಲ್ಲಿ ಹನ್ನೆರಡು ನಾಯಿ, ಬೀಸಣಿಗೆ ಬಿಚ್ಚಿದ ಹಾಗೆ
ಹೆಪ್ಪುಗಟ್ಟಿದ ಕಡಲ ಮೇಲೆ ಓಡುತ್ತಿವೆ.
ನಮ್ಮ ಜೋಡೆತ್ತಿನಂತೆ ಒಂದು ನೊಗಕ್ಕೆ ಎರಡಲ್ಲ;
ಒಂದೊಂದಕ್ಕೂ ಅದರದೇ ಮಿಣಿ, ಅದರದೇ ಅಳತೆ,
ಎಲ್ಲ ಮಿಣಿಗೂ ಜಾರುಬಂಡಿಯ ಮೂತಿಯಲ್ಲಿ ಒಂದೇ ಗಂಟು.
ಕಾಲಡಿಯ ನೀರ್ಗಲ್ಲು ಬಿರಿದರೆ
ಮುಳುಗುವುದು ಒಂದು, ಎಳೆದು ತೆಗೆಯುವವು ಉಳಿದವು.

ಆ ಪುಟದಲ್ಲಿ ಪ್ರತಿ ಸಲವೂ ಒಂದು ಪೆನ್ಸಿಲ್ ಗೆರೆ.
ಎಲ್ಲಕ್ಕಿಂತ ಮುಂದಿನ ನಾಯಿಯ ಎದೆಯಿಂದ ಬಂಡಿಯವರೆಗೆ,
ಚುಕ್ಕಿ ತಪ್ಪಿದ ರಂಗೋಲಿಯಂತೆ ಸೊಟ್ಟ, ಒತ್ತಿ ಒತ್ತಿ ಎಳೆದದ್ದು.
ಅಳಿಸುತ್ತೇನೆ. ಅದಕ್ಕೇ ನನಗೆ ಸಂಬಳ.
ರಬ್ಬರಿನ ಪುಡಿ ಊದಿದರೆ
ಹಿಮ ಇನ್ನಷ್ಟು ಬೆಳ್ಳಗೆ, ಹಾಳೆ ಇನ್ನಷ್ಟು ತೆಳ್ಳಗೆ.
ತಿಂಗಳು ಕಳೆದರೆ ಮತ್ತೆ ಗೆರೆ.

ಯಾರೆಂದು ಗೊತ್ತು. ಮಿರೆನ್, ಆರು ವರ್ಷ,
ಸದಾ ನೆಗಡಿ, ಹಸಿರು ಬೂಟು.
ಒಮ್ಮೆ ಮೆಟ್ಟಿಲಿಳಿದು ಬಂದು ಕೇಳಿದ್ದಳು:
"ಅಳಿಸೋದು ನೀವೇನಾ?"
ಪುಸ್ತಕದಲ್ಲಿ ಗೀಚಬಾರದು ಪುಟ್ಟಾ, ಎಂದೆ,
ನನ್ನ ಮೂರನೇ ಕ್ಲಾಸಿನ ಟೀಚರಮ್ಮನ ದನಿಯಲ್ಲಿ.
ಅವಳು ನೋಡಿದಳು ನನ್ನನ್ನು:
ಕರುವಿನ ಕಣ್ಣಿ ಬಿಚ್ಚಿ
ಹೆದ್ದಾರಿಗೆ ಬಿಟ್ಟವಳನ್ನು ನೋಡುವ ಹಾಗೆ.

ನವೆಂಬರಿನಲ್ಲಿ ಬ್ಯಾಫಿನ್ ದ್ವೀಪದಿಂದ ಒಬ್ಬಾಕೆ ಬಂದಳು, ನೀವಿಯಾಕ್.
ಡಂಡೀಯ ತಿಮಿಂಗಿಲ ಹಡಗುಗಳು ಅವಳ ಕಡಲಿನಿಂದ
ಮುತ್ತಜ್ಜಂದಿರ ಕಾಲದಲ್ಲಿ ಹೊತ್ತು ತಂದ ಚಾವಟಿ, ಚರ್ಮದ ಪಟ್ಟಿಗಳನ್ನು
ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿ ಮುಟ್ಟಿ ನೋಡಲು.
ಚಹಾಕ್ಕೆ ನನ್ನ ಬಳಿ ಕೂತಾಗ ಹೇಳಿದೆ:
ಆ ತಿಮಿಂಗಿಲದ ಎಣ್ಣೆಯಿಂದಲೇ ಇಲ್ಲಿ ಬಂಗಾಳದ ಸೆಣಬು ಮೆತ್ತಗಾದದ್ದು.
ಚಳ್ಳಕೆರೆಯ ಮಂಡಿಯಲ್ಲಿ ನನ್ನಜ್ಜನ ಅಜ್ಜ
ಕಡಲೆಕಾಯಿ ತುಂಬಿದ ಗೋಣಿಗೂ ನಿಮ್ಮೂರಿನ ವಾಸನೆ ಇದ್ದೀತು.
ನಕ್ಕಳು, ಪೂರ್ತಿ ಒಪ್ಪದೆ.

ಪುಸ್ತಕ ಬಿಚ್ಚಿ ಮುಂದಿಟ್ಟೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.
ಬೆರಳಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.
"ಕಿಮ್ಮಿಕ್ ಹನ್ನೆರಡು. ಮಿಣಿ ಹನ್ನೊಂದು.
ಬರೆದವರು ಮರೆತಿದ್ದಾರೆ. ಅದೂ ಮುಂದಾಳು ನಾಯಿಯದು!
ಎಲ್ಲಕ್ಕಿಂತ ಉದ್ದದ್ದು ಅದಕ್ಕೇ ಬೇಕು. ಇಲ್ಲದಿದ್ದರೆ
ಅದು ಮನೆ ಸೇರುತ್ತೆ, ನಾವು ಇಲ್ಲೇ ನಿಂತಿರ್ತೇವೆ."

ಒಂದು ವರ್ಷ. ಸವೆದುಹೋದ ಎರಡು ರಬ್ಬರು.
ಹೊಲಿಗೆಯ ಎಳೆಗಳನ್ನು ದಿನವೂ ಎಣಿಸುವ ನಾನು
ಇದನ್ನು ಎಣಿಸಿರಲಿಲ್ಲ.

ನೀವಿಯಾಕ್ ನನ್ನ ಶಾಯಿ ಪೆನ್ನು ತೆಗೆದುಕೊಂಡಳು.
ಕೇಳಲಿಲ್ಲ. ಓರೆಗೆ ಹಿಡಿದರೆ ಹಾಳೆಯಲ್ಲಿ
ಆ ಸೊಟ್ಟ ಗೆರೆಯ ತಗ್ಗು ಇನ್ನೂ ಇತ್ತು.
ಅದರೊಳಗೇ ನಿಬ್ಬು ಇಳಿಸಿದಳು,
ಬತ್ತಿದ ಕಾಲುವೆಗೆ ನೀರು ಬಿಟ್ಟಂತೆ, ನಿಧಾನ.

ಶನಿವಾರ ಮಿರೆನ್ ಬಂದಳು, ಕಿವಿಯ ಹಿಂದೆ ಪೆನ್ಸಿಲು.
ಮಕ್ಕಳ ಕಪಾಟಿನ ಮರೆಯಲ್ಲಿ ನಿಂತು ನೋಡಿದೆ.
ಬೆರಳಿಟ್ಟು ನಾಯಿಯಿಂದ ಗಂಟಿನವರೆಗೆ ಹೋದಳು,
ಗಂಟಿನಿಂದ ನಾಯಿಗೆ ವಾಪಸ್ಸು.
ಮೂಗು ಒರೆಸಿಕೊಂಡಳು.
ಹಾಳೆ ತಿರುಗಿಸಿ
ಹದಿನಾರಕ್ಕೆ ಹೋದಳು.